ಬಡಾವಣೆ ಟಾಕೀಸಿನ ಜಮಾಖರ್ಚು

ಬೆಂಗಳೂರಿನ ಸ್ಯಾಂಕಿ ರಸ್ತೆಯ ಕಾವೇರಿ ಚಿತ್ರಮಂದಿರ 2024ರಲ್ಲಿ ಬಾಗಿಲು ಹಾಕಿತು. 1974ರಲ್ಲಿ ರಾಜ್‌ಕುಮಾರ್ ಅಭಿನಯದ ‘ಬಂಗಾರದ ಪಂಜರ’ದೊಂದಿಗೆ ತೆರೆದ ಚಿತ್ರಮಂದಿರವದು. ಸುವರ್ಣ ಮಹೋತ್ಸವ ಆಚರಿಸಬೇಕಿದ್ದ ವರ್ಷದಲ್ಲೇ ಕಟ್ಟಡಕ್ಕೆ ಹಾರೆ ಬಿತ್ತು. ಪತ್ರಿಕೆಗಳು ಹಳೆಯ ಫೋಟೊ ಅಚ್ಚು ಹಾಕಿದವು, ಜನ ಮೊಬೈಲಿನಲ್ಲಿ ಕೊನೆಯ ಚಿತ್ರ ತೆಗೆದುಕೊಂಡರು, ಒಂದೆರಡು ವಾರ ಊರಿಗೆ ಊರೇ ತನ್ನ ಬಾಲ್ಯ ನೆನೆಯಿತು. ಆಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೊರಟರು.

ಇಂಥ ನಿಧನವಾರ್ತೆ ಬರೆಯುವುದು ನಮಗೀಗ ರೂಢಿಯಾಗಿದೆ. 2017ರಲ್ಲಿ ಸುಬೇದಾರ್ ಛತ್ರಂ ರಸ್ತೆಯ ಕಪಾಲಿ ಹೋಯಿತು. 2018ರ ಕೊನೆಯ ದಿನ ಬ್ರಿಗೇಡ್ ರಸ್ತೆಯ ರೆಕ್ಸ್ ಮುಚ್ಚಿತು. ಎಂ.ಜಿ. ರಸ್ತೆಯ ಪ್ಲಾಜಾ ಇದ್ದ ಕಡೆ ಈಗ ಮೆಟ್ರೊ ನಿಲ್ದಾಣ, ಹಲಸೂರು ಅಂಚಿನ ಲಿಡೊ ಇದ್ದ ಕಡೆ ಮಾಲ್. ಮೈಸೂರಿನ ಶಾಂತಲಾ ಮತ್ತು ಸರಸ್ವತೀಪುರಂ ಬಡಾವಣೆಯ ಸರಸ್ವತಿ ಕೊರೊನಾ ಕಾಲದಲ್ಲಿ ಮುಚ್ಚಿದವು. ಪ್ರತಿ ಸಲವೂ ನಾವು ಬರೆದ ಷರಾ ಒಂದೇ: ಮಲ್ಟಿಪ್ಲೆಕ್ಸ್ ಬಂತು, ಮೊಬೈಲ್ ಬಂತು, ಕೊರೊನಾ ಬಂತು, ಟಾಕೀಸು ಹೋಯಿತು.

ಈ ಷರಾದಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಸತ್ಯವಿದೆ. ಮೆಜೆಸ್ಟಿಕ್ ಪ್ರದೇಶದ ಕೆ.ಜಿ. ರಸ್ತೆಯ ದೊಡ್ಡ ಥಿಯೇಟರಿನ ಕತೆ ಬೇರೆ, ಬಡಾವಣೆಯ ಟಾಕೀಸಿನ ಕತೆ ಬೇರೆ. ಮೊದಲನೆಯದು ಹೊಸ ಚಿತ್ರವನ್ನು ಮಾರುತ್ತಿತ್ತು. ಎರಡನೆಯದು ಅದೇ ಚಿತ್ರವನ್ನು ಕೆಲವು ವಾರ ತಡವಾಗಿ, ಒಂದಿಷ್ಟು ಅಗ್ಗವಾಗಿ, ನಡೆದು ಹೋಗುವಷ್ಟು ಹತ್ತಿರದಲ್ಲಿ ಮಾರುತ್ತಿತ್ತು. ತಡ, ಅಗ್ಗ, ಹತ್ತಿರ ಈ ಮೂರೇ ಅದರ ಬಂಡವಾಳ. ಮೊದಲು ಹೋದದ್ದು ತಡ. ಅದು ಹೋದ ದಿನವೇ ಉಳಿದೆರಡರ ಬುಡ ಸಡಿಲವಾಯಿತು ಎಂಬುದು ಈ ಹಿನ್ನೋಟದಲ್ಲಿ ನಾವು ಹೇಳಬೇಕಾದ ಮಾತು.

ಬಡಾವಣೆ ಮೊದಲು, ಟಾಕೀಸು ಆಮೇಲೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬಿಡುಗಡೆಯಾದದ್ದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಟಾಕೀಸಿನಲ್ಲಿ. ಆ ಕಾಲದ ಬೆಂಗಳೂರಿಗೆ ಸಿನಿಮಾ ನೋಡಲು ಇದ್ದದ್ದು ಎರಡೇ ದಿಕ್ಕು: ಒಂದು ಪೇಟೆ ಮತ್ತು ಮೆಜೆಸ್ಟಿಕ್ ಸುತ್ತಮುತ್ತ, ಇನ್ನೊಂದು ದಂಡು ಪ್ರದೇಶ. ಮೆಜೆಸ್ಟಿಕ್ ಎಂಬ ಪ್ರದೇಶಕ್ಕೆ ಆ ಹೆಸರು ಬಂದದ್ದೇ ಒಂದು ಟಾಕೀಸಿನಿಂದ.

ಊರು ಹಿಗ್ಗಿದ್ದು ನಂತರ. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಬಂತು. 1948ರಲ್ಲಿ ಜಯನಗರಕ್ಕೆ, ಮರುವರ್ಷ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು. ಅತ್ತ ಕಾರ್ಖಾನೆಗಳೂ ಬಂದವು: 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ತಿಂಗಳ ಮೊದಲ ವಾರ ಕೈಯಲ್ಲಿ ಸಂಬಳ, ವಾರಕ್ಕೊಂದು ರಜೆ, ಮನೆ ತುಂಬ ಮಕ್ಕಳಿದ್ದ ಹೊಸ ಬಗೆಯ ಕುಟುಂಬಗಳು ಊರಿನ ಅಂಚಿನಲ್ಲಿ ನೆಲೆ ನಿಂತವು. ಮೆಜೆಸ್ಟಿಕ್ಕಿಗೆ ಹೋಗಿ ಫಸ್ಟ್ ಶೋ ನೋಡಬಹುದಿತ್ತು. ಸೆಕೆಂಡ್ ಶೋ ಮುಗಿಸಿ ಹೊರಬಂದರೆ ಬಸ್ಸಿಲ್ಲ, ಆಟೊದವನು ಹೇಳಿದ್ದೇ ದರ. ಸಂಸಾರ ಸಮೇತ ಹೋದರಂತೂ ಟಿಕೆಟ್ಟಿನ ದುಡ್ಡಿಗಿಂತ ಓಡಾಟದ ದುಡ್ಡೇ ಹೆಚ್ಚು.

ಆ ಕೊರತೆಯನ್ನು ತುಂಬಲು ಹುಟ್ಟಿದ್ದು ಬಡಾವಣೆ ಟಾಕೀಸು. ಚಾಮರಾಜಪೇಟೆಗೆ ಉಮಾ, ರಾಜಾಜಿನಗರಕ್ಕೆ ನವರಂಗ್, ಲಾಲ್‌ಬಾಗ್ ರಸ್ತೆಗೆ ಊರ್ವಶಿ, ಜಯನಗರಕ್ಕೆ ನಂದಾ, ಮಾಗಡಿ ರಸ್ತೆಗೆ ಪ್ರಸನ್ನ ಮತ್ತು ವೀರೇಶ್, ಪ್ಯಾಲೇಸ್ ಗುಟ್ಟಹಳ್ಳಿ–ಸದಾಶಿವನಗರದ ಕಡೆಯವರಿಗೆ ಕಾವೇರಿ. ಎಲ್ಲವೂ ಒಂದೇ ದರ್ಜೆಯವಲ್ಲ. ಕಾವೇರಿ, ಊರ್ವಶಿಯಂಥವು ಹೊಸ ಚಿತ್ರಗಳನ್ನೂ ಹಾಕುವಷ್ಟು ದೊಡ್ಡವು. ಉಳಿದ ಅನೇಕವು ಮರುಪ್ರದರ್ಶನದಲ್ಲೇ ಹೊಟ್ಟೆ ಹೊರೆದವು. ಆದರೆ ಎಲ್ಲವೂ ತಮ್ಮ ಸುತ್ತಲಿನ ಒಂದೆರಡು ಮೈಲಿ ಫಾಸಲೆಯ ಮನೆಗಳನ್ನು ನಂಬಿ ಕಟ್ಟಿದವು. ಬಡಾವಣೆಯೂ ಟಾಕೀಸನ್ನು ತನ್ನದೆಂದುಕೊಂಡಿತು. ವೃತ್ತಕ್ಕೆ, ಬಸ್ ಸ್ಟಾಪಿಗೆ, ಸಿಗ್ನಲ್ಲಿಗೆ ಅದರ ಹೆಸರೇ ನಿಂತಿತು. ನವರಂಗ್ ಸರ್ಕಲ್ ಎಂದರೆ ಇಂದಿಗೂ ಯಾವ ಚಾಲಕನೂ ಎರಡನೇ ಸಲ ಕೇಳುವುದಿಲ್ಲ.

ಈ ಪಟ್ಟಿಗೆ ಇನ್ನೊಂದು ಹೆಸರು ಸೇರಬೇಕು. ಜಯನಗರ ನಾಲ್ಕನೇ ಬ್ಲಾಕಿನ ಸಾರ್ವಜನಿಕ ವಾಣಿಜ್ಯ ಸಂಕೀರ್ಣದೊಳಗೆ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರ ಹೆಸರಿನ ಚಿತ್ರಮಂದಿರವಿತ್ತು. ತರಕಾರಿ ಅಂಗಡಿ, ಬಟ್ಟೆ ಅಂಗಡಿ, ಬಸ್ ನಿಲ್ದಾಣ, ಸಿನಿಮಾ ಎಲ್ಲವೂ ಒಂದೇ ಆವರಣದಲ್ಲಿ. ಬಡಾವಣೆಗೆ ಸಂತೆ ಬೇಕು, ಆಸ್ಪತ್ರೆ ಬೇಕು, ಹಾಗೆಯೇ ಒಂದು ಟಾಕೀಸೂ ಬೇಕು ಎಂದು ಸರ್ಕಾರಿ ವ್ಯವಸ್ಥೆಯೇ ಒಮ್ಮೆ ಒಪ್ಪಿಕೊಂಡಿದ್ದಕ್ಕೆ ಅದು ಸಾಕ್ಷಿ. ಸಂಕೀರ್ಣವನ್ನು ಹೊಸದಾಗಿ ಕಟ್ಟಹೊರಟಾಗ ಆ ಚಿತ್ರಮಂದಿರವೂ ನೆಲಸಮವಾಯಿತು.

ಎರಡನೇ ಸುತ್ತಿನ ವ್ಯಾಪಾರ

ಈ ಟಾಕೀಸುಗಳು ಹೇಗೆ ನಡೆಯುತ್ತಿದ್ದವು ಎಂಬುದನ್ನು ತಿಳಿಯಬೇಕಾದರೆ ಪ್ರಿಂಟಿನ ಲೆಕ್ಕ ತಿಳಿಯಬೇಕು. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾ ಎಂದರೆ ಸುಮಾರು 13,500 ಅಡಿ, ಸಾವಿರ ಅಡಿಯ ಹದಿನಾಲ್ಕು ರೀಲು. ಒಂದು ಪ್ರಿಂಟ್ ತೆಗೆಸುವುದು ನಿರ್ಮಾಪಕನಿಗೆ ದೊಡ್ಡ ಖರ್ಚು. ಹಾಗಾಗಿ ಎಣಿಸಿ ಎಣಿಸಿ ಪ್ರಿಂಟ್ ತೆಗೆಸುತ್ತಿದ್ದರು. ಮೊದಲ ಪಾಳಿ ಕೆ.ಜಿ. ರಸ್ತೆಯ ‘ಮೈನ್ ಥಿಯೇಟರ್’ಗೆ ಮತ್ತು ಜಿಲ್ಲಾ ಕೇಂದ್ರಗಳಿಗೆ. ಅಲ್ಲಿ ಗಳಿಕೆ ಇಳಿದ ಮೇಲೆ ಅದೇ ಪ್ರಿಂಟ್ ಬಡಾವಣೆಗೆ. ಬಳಿಕ ಗಾಂಧಿನಗರದ ಹಂಚಿಕೆದಾರರು ‘ಬಿಕೆಟಿ’ ಎಂದು ಕರೆಯುವ ಬೆಂಗಳೂರು–ಕೋಲಾರ–ತುಮಕೂರು ಸೀಮೆಯ ತಾಲ್ಲೂಕುಗಳಿಗೆ, ಕಟ್ಟಕಡೆಗೆ ಟೂರಿಂಗ್ ಟಾಕೀಸಿನ ಟೆಂಟಿಗೆ. ಗೆರೆ ಬಿದ್ದು, ಅಲ್ಲಲ್ಲಿ ಕತ್ತರಿಸಿ ಅಂಟಿಸಿ, ಹಾಡಿನ ನಡುವೆ ನಾಲ್ಕು ಮಾತು ನುಂಗಿಹೋದ ಪ್ರಿಂಟನ್ನೂ ಜನ ಶಿಳ್ಳೆ ಹೊಡೆದು ನೋಡಿದರು.

ಒಂದೇ ಪ್ರಿಂಟಿನಲ್ಲಿ ಎರಡು ಟಾಕೀಸು ನಡೆಸುವ ‘ಶಿಫ್ಟಿಂಗ್’ ಕೂಡ ಇತ್ತು. ಒಂದು ಕಡೆ ಆಟ ಶುರುವಾಗಿ ಮೊದಲ ರೀಲುಗಳು ಮುಗಿದ ಕೂಡಲೆ ಹುಡುಗನೊಬ್ಬ ಡಬ್ಬ ಹೊತ್ತು ಸೈಕಲ್ಲಿನಲ್ಲೋ ಸ್ಕೂಟರಿನಲ್ಲೋ ಇನ್ನೊಂದು ಕಡೆಗೆ ಓಡುತ್ತಿದ್ದ. ರೈಲ್ವೆ ಗೇಟು ಬಿದ್ದರೆ ಅಲ್ಲಿ ಪರದೆ ಖಾಲಿ, ಜನರ ಬೈಗುಳವೆಲ್ಲ ಕ್ಯಾಬಿನ್ನಿನಲ್ಲಿದ್ದ ಆಪರೇಟರಿಗೆ. ಕಾರ್ಬನ್ ಕಡ್ಡಿ ಸುಟ್ಟು ಬೆಳಕು ಮಾಡುತ್ತಿದ್ದ ಕಾಲದಲ್ಲಿ ಆ ಕ್ಯಾಬಿನ್ನಿನ ಕಾವು, ಹೊಗೆ ಎರಡನ್ನೂ ಸಹಿಸಿ ಎರಡು ಪ್ರೊಜೆಕ್ಟರುಗಳ ನಡುವೆ ರೀಲು ತಪ್ಪದಂತೆ ಬದಲಿಸುವುದು ಕಲಿತು ಬಂದ ಕಸುಬು. ಗೇಟ್‌ಕೀಪರ್, ಬುಕಿಂಗ್ ಕ್ಲರ್ಕ್, ದಿನದ ಗಳಿಕೆಯ ಪಟ್ಟಿ ಒಪ್ಪಿಸುವ ಮ್ಯಾನೇಜರ್, ಹಂಚಿಕೆದಾರನ ಕಡೆಯಿಂದ ಬಂದು ಟಿಕೆಟ್ ಎಣಿಸುವ ರೆಪ್ರೆಸೆಂಟೇಟಿವ್, ರಾತ್ರಿ ಮೈದಾಹಿಟ್ಟಿನ ಅಂಟು ಹಿಡಿದು ಹೊರಡುವ ಪೋಸ್ಟರಿನವನು, ಸೈಕಲ್ ಸ್ಟ್ಯಾಂಡಿನವನು, ಇಂಟರ್‌ವೆಲ್ಲಿಗೆ ಕಡಲೆಕಾಯಿ ಸೋಡ ಮಾರುವವನು: ಒಂದು ಟಾಕೀಸನ್ನು ನಂಬಿ ಹತ್ತಾರು ಒಲೆ ಉರಿಯುತ್ತಿದ್ದವು.

ತಡವೇ ಇಲ್ಲಿ ಲಾಭವಾಗಿತ್ತು. ಕೆ.ಜಿ. ರಸ್ತೆಯಲ್ಲಿ ನೋಡಿ ಬಂದವರ ಮಾತು ಬಡಾವಣೆಗೆ ಮೊದಲು ತಲುಪುತ್ತಿತ್ತು, ಸಿನಿಮಾ ಆಮೇಲೆ ಬರುತ್ತಿತ್ತು. ಚೆನ್ನಾಗಿದೆ ಎಂದು ತಿಳಿದ ಮೇಲೆ ಮನೆಮಂದಿ ಹೊರಡುತ್ತಿದ್ದರು. ಹಾಗಾಗಿ ಮೊದಲ ವಾರ ಮುಗ್ಗರಿಸಿದ ಚಿತ್ರಕ್ಕೂ ಎರಡನೇ ಸುತ್ತಿನಲ್ಲಿ ಉಸಿರಾಡಲು ಅವಕಾಶವಿತ್ತು. ಗೆದ್ದ ಚಿತ್ರವಂತೂ ವರ್ಷಗಟ್ಟಲೆ ಊರು ಸುತ್ತುತ್ತಿತ್ತು. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಆ ಎರಡು ವರ್ಷ ಅದು ಕೆ.ಜಿ. ರಸ್ತೆಯಲ್ಲಿ ಓಡಲು ಸಾಧ್ಯವಾದದ್ದು ಅದನ್ನು ಬೇರೆಡೆ ಸುಲಭವಾಗಿ ನೋಡಲು ಆಗುತ್ತಿರಲಿಲ್ಲ ಎಂಬ ಕಾರಣಕ್ಕೂ ಹೌದು.

ಮರುಪ್ರದರ್ಶನದ ಬಲಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ಉಪೇಂದ್ರ ನಿರ್ದೇಶಿಸಿ ಶಿವರಾಜ್‌ಕುಮಾರ್ ನಟಿಸಿದ 1995ರ ‘ಓಂ’. 500ಕ್ಕೂ ಹೆಚ್ಚು ಬಾರಿ ಮರುಬಿಡುಗಡೆಯಾದ ಹೆಗ್ಗಳಿಕೆ ಅದರದು. ಕೈಯಲ್ಲಿ ಹೊಸ ಚಿತ್ರವಿಲ್ಲದ ವಾರ ಬಡಾವಣೆ ಟಾಕೀಸಿನ ಮಾಲೀಕ ‘ಓಂ’ ಹಾಕಿ ನಷ್ಟ ತಪ್ಪಿಸಿಕೊಳ್ಳುತ್ತಿದ್ದ. ಅದು ಸುಮಾರು ಎರಡು ದಶಕ ಟಿವಿಗೆ ಬಾರದೇ ಉಳಿದದ್ದೂ ಈ ದೀರ್ಘಾಯುಷ್ಯದ ಗುಟ್ಟು. ಮನೆಯಲ್ಲಿ ಸಿಗದ್ದು ಟಾಕೀಸಿನಲ್ಲಿ ಸಿಗುತ್ತದೆ ಎಂಬ ಒಂದೇ ಕಾರಣ ಸಾಕಾಗಿತ್ತು.

ತಡ ಹೋದ ಮೇಲೆ

ಆ ಕಾರಣ ಹಂತ ಹಂತವಾಗಿ ಕರಗಿತು. 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂತು, ವಾರಾಂತ್ಯಕ್ಕೊಂದು ಸಿನಿಮಾ ಮನೆಯೊಳಗೆ ಬಂತು. ಹಬ್ಬ ಹುಣ್ಣಿಮೆಗೆ ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ನಾಲ್ಕು ಚಿತ್ರ ನೋಡುವ ಚಾಳಿ ಶುರುವಾಯಿತು. 1994ರಲ್ಲಿ ಉದಯ ಟಿವಿ ಆರಂಭವಾದ ಮೇಲೆ ದಿನಕ್ಕೊಂದು ಕನ್ನಡ ಚಿತ್ರ ಬಿಟ್ಟಿಯಾಗಿ ಸಿಕ್ಕಿತು. ಕೆ.ಜಿ. ರಸ್ತೆಗೆ ಇದರಿಂದ ಅಷ್ಟಾಗಿ ಏಟು ಬೀಳಲಿಲ್ಲ, ಏಕೆಂದರೆ ಅದು ಮಾರುತ್ತಿದ್ದದ್ದು ಹೊಸತನ್ನು. ಏಟು ಬಿದ್ದದ್ದು ಹಳತನ್ನು ಮಾರುತ್ತಿದ್ದ ಬಡಾವಣೆಗೆ. ಆದರೂ ಟಾಕೀಸು ತತ್ತರಿಸಿಕೊಂಡೇ ನಿಂತಿತ್ತು. ದೊಡ್ಡ ಪರದೆಗೂ ಚಿಕ್ಕ ಪೆಟ್ಟಿಗೆಗೂ ಇರುವ ವ್ಯತ್ಯಾಸ ಜನಕ್ಕೆ ಗೊತ್ತಿತ್ತು.

ನಿಜವಾದ ತಿರುವು ತಂದದ್ದು ಉಡುಗೊರೆಯ ರೂಪದಲ್ಲಿ ಬಂದ ತಂತ್ರಜ್ಞಾನ. 2005ರ ಸುಮಾರಿಗೆ ಯುಎಫ್‌ಒ, ಚೆನ್ನೈನ ಕ್ಯೂಬ್ ಮುಂತಾದ ಡಿಜಿಟಲ್ ವ್ಯವಸ್ಥೆಗಳು ಹರಡತೊಡಗಿದವು. ರೀಲಿನ ಡಬ್ಬ ಹೋಗಿ ಹಾರ್ಡ್‌ಡಿಸ್ಕ್, ಉಪಗ್ರಹದ ಸಂಕೇತ ಬಂದವು. ಪ್ರಿಂಟಿನ ಖರ್ಚು ಎಂಬುದೇ ಉಳಿಯಲಿಲ್ಲ. ಇನ್ನು ಮೆಜೆಸ್ಟಿಕ್ಕಿನಲ್ಲಿ ಬಿಡುಗಡೆಯಾದ ದಿನವೇ ನಮ್ಮಲ್ಲೂ ಹೊಸ ಚಿತ್ರ ಎಂದು ಬಡಾವಣೆಯ ಮಾಲೀಕರು ಹಿಗ್ಗಿದರು. ಹಿಗ್ಗುವ ಸಂಗತಿಯೇ ಅದು. ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಕಟೌಟು, ಹಾಲಿನ ಅಭಿಷೇಕ, ಪಟಾಕಿ ಎಲ್ಲವೂ ಬಡಾವಣೆಗೂ ಬಂತು.

ಬೆಲೆ ತೆತ್ತದ್ದು ಆಮೇಲೆ. ಒಂದೇ ಶುಕ್ರವಾರ ರಾಜ್ಯದ ನೂರಾರು ಪರದೆಗಳಲ್ಲಿ ಬಿಡುಗಡೆಯಾದ ಚಿತ್ರ ಭಾನುವಾರ ರಾತ್ರಿಗೆ ತನ್ನ ಗಳಿಕೆಯ ದೊಡ್ಡ ಪಾಲನ್ನು ಬಾಚಿಕೊಂಡುಬಿಡುತ್ತಿತ್ತು. ಸೋಮವಾರದಿಂದ ಕುರ್ಚಿಗಳು ಖಾಲಿ. ಎರಡನೇ ಸುತ್ತು ಎಂಬುದಕ್ಕೆ ಅರ್ಥವೇ ಇಲ್ಲ, ಮೊದಲ ಸುತ್ತಿನಲ್ಲೇ ಎಲ್ಲರೂ ಇದ್ದಾರಲ್ಲ. ಅಲ್ಲಿಯವರೆಗೆ ಯಾರೊಂದಿಗೂ ಪೈಪೋಟಿಯಿಲ್ಲದೆ ತನ್ನ ಪಾಳಿಗಾಗಿ ಕಾಯುತ್ತಿದ್ದ ಬಡಾವಣೆ ಟಾಕೀಸು ಈಗ ಕೆ.ಜಿ. ರಸ್ತೆಯೊಂದಿಗೂ ಮಲ್ಟಿಪ್ಲೆಕ್ಸಿನೊಂದಿಗೂ ಅದೇ ದಿನ, ಅದೇ ಸರಕಿಗಾಗಿ ಸೆಣಸಬೇಕಾಯಿತು. ಆ ಸೆಣಸಾಟಕ್ಕೆ ಬೇಕಾದ ಹವಾನಿಯಂತ್ರಣ, ಧ್ವನಿ, ಒಳ್ಳೆಯ ಕುರ್ಚಿ, ಕಾರು ನಿಲ್ಲಿಸಲು ಜಾಗ ಅದರ ಬಳಿ ಇರಲಿಲ್ಲ. ಹಾಕಿಸಲು ಹೊರಟರೆ ಟಿಕೆಟ್ ದರ ಏರಿಸಬೇಕು, ಏರಿಸಿದರೆ ‘ಅಗ್ಗ’ ಎಂಬ ಹೆಸರೂ ಹೋಗುತ್ತದೆ.

ಮಲ್ಟಿಪ್ಲೆಕ್ಸಿನ ಪಾತ್ರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ದೇಶದ ಮೊದಲ ಮಲ್ಟಿಪ್ಲೆಕ್ಸ್ ಎನ್ನಿಸಿಕೊಂಡ ಪಿವಿಆರ್ ಅನುಪಮ್ ತೆರೆದದ್ದು 1997ರ ಜೂನ್‌ನಲ್ಲಿ, ದಕ್ಷಿಣ ದೆಹಲಿಯ ಸಾಕೇತ್ ಬಡಾವಣೆಯಲ್ಲಿ. ಅದು ಹೊಸ ಕಟ್ಟಡವಲ್ಲ, ಇದ್ದ ಬಡಾವಣೆ ಟಾಕೀಸೊಂದನ್ನೇ ಒಡೆದು ನಾಲ್ಕು ಪರದೆ ಮಾಡಿದ್ದು. ಅದೇ ತಿಂಗಳು, ಜೂನ್ 13ರಂದು, ಅದೇ ದಕ್ಷಿಣ ದೆಹಲಿಯ ಇನ್ನೊಂದು ಬಡಾವಣೆಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಜನ ಸತ್ತರು. ಮಧ್ಯಮ ವರ್ಗದ ಪ್ರೇಕ್ಷಕ ಯಾವ ಕಡೆ ಹೆಜ್ಜೆ ಹಾಕಿದನೆಂದು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಕೋರಮಂಗಲಕ್ಕೆ 11 ಪರದೆಗಳ ಪಿವಿಆರ್ ಬಂದದ್ದು 2004ರಲ್ಲಿ. 2006ರ ಡಿಸೆಂಬರಿನಲ್ಲಿ ತೆರೆಕಂಡ ಯೋಗರಾಜ ಭಟ್ಟರ ‘ಮುಂಗಾರು ಮಳೆ’ ಅಲ್ಲಿ ವರ್ಷ ಪೂರೈಸಿದಾಗ ಕನ್ನಡ ಚಿತ್ರಕ್ಕೆ ಮಲ್ಟಿಪ್ಲೆಕ್ಸಿನಲ್ಲೂ ಜನವಿದ್ದಾರೆಂದು ಸಾಬೀತಾಯಿತು. ಜೊತೆಗೇ, ಬಡಾವಣೆ ಟಾಕೀಸಿನ ಅತ್ಯಂತ ನೆಚ್ಚಿನ ಗಿರಾಕಿಯಾಗಿದ್ದ ಕನ್ನಡ ಕುಟುಂಬ ಈಗ ಬೇರೆಡೆಗೂ ಹೋಗಬಲ್ಲದು ಎಂಬುದೂ ಸಾಬೀತಾಯಿತು.

ಕುರ್ಚಿಗಿಂತ ದುಬಾರಿಯಾದ ನೆಲ

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಸಾವಿರ ಸೀಟಿನ ಟಾಕೀಸು, ದಿನಕ್ಕೆ ನಾಲ್ಕು ಆಟ, ತೆರಿಗೆ ಬಿಟ್ಟು ಟಿಕೆಟ್ಟಿಗೆ ಸರಾಸರಿ ₹100 ಎಂದಿಟ್ಟುಕೊಳ್ಳಿ. ಐದರಲ್ಲೊಂದು ಕುರ್ಚಿ ತುಂಬಿದರೆ ದಿನಕ್ಕೆ 800 ಟಿಕೆಟ್, ₹80,000. ಅರ್ಧ ಹಂಚಿಕೆದಾರನಿಗೆ ಹೋದರೆ ಉಳಿಯುವುದು ₹40,000, ತಿಂಗಳಿಗೆ ₹12 ಲಕ್ಷ. ಅದರಲ್ಲಿ ವಿದ್ಯುತ್ತು, ಸಂಬಳ, ಆಸ್ತಿ ತೆರಿಗೆ, ಪರವಾನಗಿ, ಪ್ರೊಜೆಕ್ಟರಿನ ಬಾಡಿಗೆ, ದುರಸ್ತಿ ಎಲ್ಲವೂ ಆಗಬೇಕು. ಚಿತ್ರವಿಲ್ಲದ ವಾರಗಳನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ. ಮುಖ್ಯರಸ್ತೆಯ ಅಷ್ಟೇ ನೆಲದಲ್ಲಿ ಐದಾರು ಅಂತಸ್ತು ಎಬ್ಬಿಸಿ ಕಚೇರಿಗೋ ಬಟ್ಟೆ ಅಂಗಡಿಗೋ ಕೊಟ್ಟರೆ ಎಷ್ಟು ಬಾಡಿಗೆ ಬರುತ್ತದೆಂದು ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಟಾಕೀಸು ಕಟ್ಟಿದ ತಲೆಮಾರಿಗೆ ಸಿನಿಮಾದ ಹುಚ್ಚಿತ್ತು. ಮೂರನೇ ತಲೆಮಾರಿನ ಹೊತ್ತಿಗೆ ಆಸ್ತಿಗೆ ಹತ್ತು ಪಾಲುದಾರರು, ಪಾಲು ಹಂಚುವುದಕ್ಕೆ ಕಟ್ಟಡ ಅಡ್ಡಿ. ಮಾಲೀಕರನ್ನು ಬೈಯುವುದು ಸುಲಭ. ಅವರ ಜಾಗದಲ್ಲಿ ನಿಂತರೆ ನಾವೂ ಬಹುಶಃ ಅದನ್ನೇ ಮಾಡುತ್ತಿದ್ದೆವು.

ಸರ್ಕಾರದ ಪಾಲೂ ಇದರಲ್ಲಿದೆ. ಕರ್ನಾಟಕ ಚಲನಚಿತ್ರ ಪ್ರದರ್ಶನ ನಿಯಂತ್ರಣದ 1964ರ ಕಾಯ್ದೆ ಟಾಕೀಸನ್ನು ಬೆಂಕಿ, ಗುಂಪು, ಪರವಾನಗಿಯ ಕಣ್ಣಿನಿಂದಲೇ ನೋಡಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಕನ್ನಡ ಚಿತ್ರಗಳಿಗೆ ರಾಜ್ಯ ಕೊಟ್ಟಿದ್ದ ಮನರಂಜನಾ ತೆರಿಗೆ ವಿನಾಯಿತಿ ಕೊಚ್ಚಿಹೋಯಿತು. ₹100ರ ಒಳಗಿನ ಟಿಕೆಟ್ಟಿಗೆ ಶೇ 18, ಮೇಲಿನದಕ್ಕೆ ಶೇ 28 ತೆರಿಗೆ ಬಿತ್ತು. 2019ರ ಜನವರಿಯಲ್ಲಿ ಅದು ಶೇ 12 ಮತ್ತು ಶೇ 18ಕ್ಕೆ ಇಳಿಯಿತು. ₹100ರ ಒಳಗಿನ ಟಿಕೆಟ್ಟಿಗೆ ಶೇ 5 ಎಂಬ ಕನಿಕರ ಬಂದದ್ದು 2025ರ ಸೆಪ್ಟೆಂಬರಿನಲ್ಲಿ, ಆ ದರದ ಟಾಕೀಸುಗಳಲ್ಲಿ ಬಹಳಷ್ಟು ಮುಚ್ಚಿಹೋದ ಮೇಲೆ. ನಡುವೆ 2020ರ ಮಾರ್ಚಿನಲ್ಲಿ ಕೊರೊನಾ ಬೀಗ ಜಡಿಯಿತು. ಅಕ್ಟೋಬರಿನಲ್ಲಿ ಅರ್ಧ ಕುರ್ಚಿಗಳೊಂದಿಗೆ ಬಾಗಿಲು ತೆರೆಯಿತು, ಮರು ಏಪ್ರಿಲಿನಲ್ಲಿ ಮತ್ತೆ ಮುಚ್ಚಿತು. ಸರಪಳಿ ಕಂಪನಿಗಳಿಗೆ ಷೇರು ಪೇಟೆಯಿತ್ತು, 2023ರಲ್ಲಿ ಪಿವಿಆರ್ ಮತ್ತು ಐನಾಕ್ಸ್ ಕೂಡಿ ಒಂದಾದವು. ಒಂಟಿ ಟಾಕೀಸಿನವನಿಗೆ ಯಾರ ಜೊತೆ ಕೂಡಲೂ ದಾರಿಯಿರಲಿಲ್ಲ. ಸಿನಿಮಾ ಬಿಡುಗಡೆಯಾದ ಕೆಲವೇ ವಾರಕ್ಕೆ ಒಟಿಟಿಯಲ್ಲಿ ಕಾಣಿಸಿಕೊಳ್ಳುವುದು ಅಷ್ಟರಲ್ಲಿ ವಾಡಿಕೆಯಾಗಿತ್ತು. ‘ಓಂ’ ಎರಡು ದಶಕ ಕಾಪಾಡಿಕೊಂಡ ಅಂತರ ಈಗ ನಾಲ್ಕು ಶುಕ್ರವಾರಗಳಿಗೆ ಬಂದು ನಿಂತಿದೆ.

ಖರ್ಚಿನ ಪುಟ

ಜಮಾ ಬರೆದ ಕೈಯೇ ಖರ್ಚನ್ನೂ ಬರೆಯಬೇಕು. ಬಡಾವಣೆ ಟಾಕೀಸು ಸ್ವರ್ಗವಾಗಿರಲಿಲ್ಲ. ಶೌಚಾಲಯದ ನಾತ ಸಭಾಂಗಣದವರೆಗೆ ಬರುತ್ತಿತ್ತು. ತಿಗಣೆ ಕಡಿತ, ಹರಿದ ಸೀಟು, ಕೆಟ್ಟ ಫ್ಯಾನು ಟಿಕೆಟ್ಟಿನೊಂದಿಗೆ ಬಿಟ್ಟಿ. ಹೊಸ ಚಿತ್ರದ ದಿನ ಕೌಂಟರಿನ ಕಿಂಡಿ ತೆರೆಯುವ ಮೊದಲೇ ಟಿಕೆಟ್ ಬ್ಲ್ಯಾಕಿಗೆ ಹೋಗಿರುತ್ತಿತ್ತು, ಒಳಗಿನವರ ಕೈವಾಡವಿಲ್ಲದೆ ಅದು ನಡೆಯುವುದು ಅಸಾಧ್ಯ. ಹೆಂಗಸರಿಗೆ ಬೇರೆ ಸಾಲು ಮಾಡಿದ್ದು ಸೌಜನ್ಯಕ್ಕಲ್ಲ, ಸಾಲಿನಲ್ಲಿ ಅವರು ಕ್ಷೇಮವಾಗಿರುತ್ತಿರಲಿಲ್ಲ ಎಂಬುದಕ್ಕೆ. ಮ್ಯಾಟ್ನಿಗೆ ಬಂದ ಗೃಹಿಣಿ ಸೆಕೆಂಡ್ ಶೋಗೆ ಒಂಟಿಯಾಗಿ ಬರುವುದನ್ನು ಯಾವ ಟಾಕೀಸೂ ಸಾಧ್ಯವಾಗಿಸಲಿಲ್ಲ. ಕೊನೆಗಾಲದಲ್ಲಿ ಹೊಟ್ಟೆಪಾಡಿಗೆಂದು ಎಂತೆಂಥದೋ ಮಲಯಾಳಂ ಡಬ್ಬಿಂಗ್ ಚಿತ್ರಗಳ ಪೋಸ್ಟರ್ ಅಂಟಿಸಿ, ಅದೇ ರಸ್ತೆಯ ಮನೆಗಳವರು ಮುಖ ತಿರುಗಿಸಿ ನಡೆಯುವಂತೆ ಮಾಡಿದ ಟಾಕೀಸುಗಳೂ ಇದ್ದವು.

ಕನ್ನಡದ ವಿಷಯದಲ್ಲೂ ಟಾಕೀಸಿನ ಇತಿಹಾಸ ಅಪ್ಪಟ ಹೊನ್ನಲ್ಲ. ಚಿತ್ರಮಂದಿರಗಳಲ್ಲಿ ಕನ್ನಡ ಚಿತ್ರಕ್ಕೆ ಜಾಗ ಬೇಕು ಎಂಬುದು 1960ರ ದಶಕದ ಕನ್ನಡ ಚಳವಳಿಯ ಬೇಡಿಕೆಗಳಲ್ಲೊಂದಾಗಿತ್ತು. ವಾರದ ಬಾಡಿಗೆ ಮುಂಗಡ ಕಟ್ಟಿದರೆ ಮಾತ್ರ ಚಿತ್ರ ಹಾಕುತ್ತೇವೆ ಎಂಬ ಪದ್ಧತಿ ಎಷ್ಟೋ ಸಣ್ಣ ನಿರ್ಮಾಪಕರ ಮನೆ ಮಾರಿಸಿತು. ಗಳಿಕೆಯಲ್ಲಿ ಶೇಕಡಾವಾರು ಪಾಲು ಕೊಡಿ ಎಂದು ಅವರು ಕೇಳುತ್ತಲೇ ಬಂದರು. ಮಲ್ಟಿಪ್ಲೆಕ್ಸು ಪಾಲಿನ ಲೆಕ್ಕಕ್ಕೆ ಒಪ್ಪಿದಾಗ ಅನೇಕ ನಿರ್ಮಾಪಕರು ನಿಟ್ಟುಸಿರು ಬಿಟ್ಟರೆ ಅದನ್ನು ದ್ರೋಹ ಎನ್ನಲಾಗದು.

ಹಾಗಾದರೆ ಕಳೆದುಕೊಂಡದ್ದೇನು? ಕಟ್ಟಡವನ್ನಲ್ಲ, ಆ ಕಟ್ಟಡಗಳಲ್ಲಿ ವಾಸ್ತುವಿನ ಹೆಗ್ಗಳಿಕೆಯುಳ್ಳವು ಕೆಲವೇ. ಕಳೆದುಕೊಂಡದ್ದು ಒಂದು ದರ್ಜೆಯ ದರ ಮತ್ತು ಒಂದು ಬಗೆಯ ಅವಧಿ. ಮುಂದಿನ ಸಾಲಿನ ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೆ ನಾಲ್ಕಾರು ದರಗಳಿದ್ದ ಸೂರಿನಡಿ ಕಾರ್ಖಾನೆಯ ಕೂಲಿಯವನೂ ಬ್ಯಾಂಕಿನ ಮ್ಯಾನೇಜರನೂ ಒಂದೇ ಹಾಸ್ಯಕ್ಕೆ ಒಟ್ಟಿಗೆ ನಗುತ್ತಿದ್ದರು. ಅವರು ಸಮಾನರಾಗಿರಲಿಲ್ಲ, ಪ್ರವೇಶದ ಬಾಗಿಲೂ ಬೇರೆಯೇ. ಆದರೆ ಚಿತ್ರ ಮಾಡುವವನು ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಮಾಡಬೇಕಿತ್ತು. ಇಂದು ಮುಂದಿನ ಸಾಲಿನವನು ಮೊಬೈಲಿಗೆ ಹೋಗಿದ್ದಾನೆ, ಹಿಂದಿನ ಸಾಲಿನವನು ಮಾಲಿಗೆ ಹೋಗಿದ್ದಾನೆ. ನಿರ್ಮಾಪಕ ಯಾರಿಗಾಗಿ ಚಿತ್ರ ತೆಗೆಯಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದಾನೆ. ಕೆಜಿಎಫ್, ಕಾಂತಾರದಂಥ ಭಾರಿ ಚಿತ್ರಗಳು ಎಲ್ಲರನ್ನೂ ಎಳೆತರುತ್ತವೆ ನಿಜ. ನಡುವಣ ಗಾತ್ರದ, ಬಾಯಿಮಾತಿನಿಂದ ಮೆಲ್ಲಗೆ ಬೆಳೆಯಬೇಕಾದ ಕನ್ನಡ ಚಿತ್ರಕ್ಕೆ ಮೂರನೇ ವಾರ ಎಂಬುದೇ ಸಿಗುತ್ತಿಲ್ಲ. ಬಡಾವಣೆ ಟಾಕೀಸು ಕೊಡುತ್ತಿದ್ದದ್ದು ಆ ಮೂರನೇ ವಾರವನ್ನು.

ಮುಂದೇನು

ಸಾವಿರ ಸೀಟಿನ ಟಾಕೀಸು ಮರಳಿ ಬರುವುದಿಲ್ಲ, ಬರಬೇಕೆಂದು ಕೇಳುವುದೂ ಅರ್ಥಹೀನ. ಕೇಳಬೇಕಾದದ್ದು ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾರು, ಹೇಗೆ ಮಾಡಬಲ್ಲರು ಎಂದು.

ದರಕ್ಕೆ ಮಿತಿ ಹೇರುವುದೇ ಉತ್ತರ ಎಂದು ಸರ್ಕಾರ ಎರಡು ಬಾರಿ ನಂಬಿತು. 2017ರಲ್ಲಿ ಹೊರಟ ₹200ರ ಮಿತಿ ನಿಲ್ಲಲಿಲ್ಲ. 2025ರ ಬಜೆಟ್ಟಿನಲ್ಲಿ ಮತ್ತೆ ಘೋಷಿಸಿ, ಸೆಪ್ಟೆಂಬರಿನಲ್ಲಿ ನಿಯಮ ಹೊರಡಿಸಿದರೆ ಅದೇ ತಿಂಗಳು ಹೈಕೋರ್ಟಿನ ತಡೆಯಾಜ್ಞೆ ಬಿತ್ತು. ಮಿತಿ ಬೇಕೇ ಬೇಡವೇ ಎಂಬ ವಾದ ಒತ್ತಟ್ಟಿಗಿರಲಿ. ಮಾಲಿನ ಟಿಕೆಟ್ ₹200ಕ್ಕೆ ಇಳಿದರೂ ಅದು ನಡೆದು ಹೋಗುವಷ್ಟು ಹತ್ತಿರ ಬರುವುದಿಲ್ಲ, ಚಿತ್ರ ಮೂರನೇ ವಾರಕ್ಕೆ ಉಳಿಯುವುದಿಲ್ಲ.

ಕೈಯಲ್ಲಿರುವ ದಾರಿಗಳು ಬೇರೆಯೇ ಇವೆ. ಮುಂಬೈಯ ಕಟ್ಟಡ ನಿಯಮಾವಳಿಯಲ್ಲಿ, ಚಿತ್ರಮಂದಿರದ ನಿವೇಶನವನ್ನು ಮರುನಿರ್ಮಿಸುವವರು ಹಳೆಯ ಆಸನಗಳ ಒಂದು ಪಾಲನ್ನಾದರೂ ಹೊಸ ಕಟ್ಟಡದಲ್ಲಿ ಉಳಿಸಬೇಕೆಂಬ ಷರತ್ತು ಬಹುಕಾಲದಿಂದ ಇದೆ. ಮಾಲೀಕನಿಗೆ ಹೆಚ್ಚು ಅಂತಸ್ತಿನ ಅನುಮತಿ, ಬಡಾವಣೆಗೆ ಇನ್ನೂರು ಸೀಟಿನ ಸಣ್ಣ ಪರದೆ: ಇಂಥ ಕೊಡುಕೊಳ್ಳುವಿಕೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಏಕಾಗಬಾರದು? ತಾಲ್ಲೂಕುಗಳಿಗೆ ‘ಜನತಾ ಚಿತ್ರಮಂದಿರ’ ಎಂದು ಸರ್ಕಾರಗಳು ಹೇಳುತ್ತಲೇ ಬಂದಿವೆ. ಊರಿನ ಅಂಚಿನ ಹೊಸ ಬಡಾವಣೆಗಳೂ ಆ ಯೋಜನೆಯ ಕಣ್ಣಿಗೆ ಬೀಳಬೇಕು. ಡಿಜಿಟಲ್ ಪ್ರೊಜೆಕ್ಷನ್ನಿಗೆ ಕಾರ್ಬನ್ ಕಡ್ಡಿಯೂ ಬೇಡ, ಎತ್ತರದ ಬಾಲ್ಕನಿಯೂ ಬೇಡ. ಬಸ್ ನಿಲ್ದಾಣದ ಮಹಡಿ, ಖಾಲಿ ಬಿದ್ದ ವಾಣಿಜ್ಯ ಸಂಕೀರ್ಣದ ಒಂದು ಮೂಲೆ ಸಾಕು. ಎರಡನೇ ಸುತ್ತನ್ನು ಕೊಂದ ತಂತ್ರಜ್ಞಾನವೇ ಅದನ್ನು ಅಗ್ಗದಲ್ಲಿ ಮತ್ತೆ ಹುಟ್ಟಿಸಬಲ್ಲದು. ಆದರೆ ಹಳೆಯ ಚಿತ್ರಕ್ಕೆ ತಡದ ಬೆಲೆ ಮರಳಬೇಕಾದರೆ ಚಿತ್ರೋದ್ಯಮವೂ ಮನಸ್ಸು ಮಾಡಬೇಕು. ಒಟಿಟಿಗೆ ಕೊಡುವ ಮೊದಲು ನಾಲ್ಕರ ಬದಲು ಎಂಟು ಹತ್ತು ವಾರ ಕಾಯುವ ಒಪ್ಪಂದಕ್ಕೆ ನಿರ್ಮಾಪಕರು, ಹಂಚಿಕೆದಾರರು, ಪ್ರದರ್ಶಕರು ಒಟ್ಟಾಗಿ ಬರಬೇಕು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿರುವ ಈ ಮೂವರನ್ನು ಒಂದೆಡೆ ಕೂರಿಸುವುದು ಚಲನಚಿತ್ರ ವಾಣಿಜ್ಯ ಮಂಡಳಿಯ ಹೊಣೆ.

ಪರೀಕ್ಷೆಗೆ ಒಂದು ಜಾಗ ಸಿದ್ಧವೇ ಇದೆ. ನಂದಿನಿ ಲೇಔಟಿನಲ್ಲಿ ಚಲನಚಿತ್ರ ಅಕಾಡೆಮಿಗೆ ಸೇರಿದ ಎರಡೂವರೆ ಎಕರೆಯಲ್ಲಿ ಖಾಸಗಿ ಸಹಭಾಗಿತ್ವದ ಮಲ್ಟಿಪ್ಲೆಕ್ಸ್ ಕಟ್ಟುವುದಾಗಿ 2025ರ ಬಜೆಟ್ ಹೇಳಿದೆ. ಸುತ್ತ ಕಾರ್ಮಿಕರ, ಕೆಳಮಧ್ಯಮ ವರ್ಗದವರ ಮನೆಗಳಿರುವ, ರಾಜಾಜಿನಗರಕ್ಕೆ ಹತ್ತಿರದ ಬಡಾವಣೆಯದು. ಸಾರ್ವಜನಿಕ ನೆಲದಲ್ಲಿ ಇನ್ನೊಂದು ಮಾಲ್ ಎದ್ದರೆ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಆದ ತಪ್ಪು ಮತ್ತೊಮ್ಮೆ ಆಗುತ್ತದೆ, ಅಷ್ಟೇ. ಕರಾರು ಬರೆಯುವಾಗಲೇ ಮೂರು ಷರತ್ತು ಹಾಕಲಿ: ಒಂದು ಪರದೆಯಾದರೂ ವರ್ಷವಿಡೀ ₹100ರ ಒಳಗಿನ ಟಿಕೆಟ್ಟಿಗೆ, ಆ ಪರದೆ ಬಿಡುಗಡೆಯ ಮೂರನೇ ವಾರ ದಾಟಿದ ಕನ್ನಡ ಚಿತ್ರಗಳಿಗೆ, ಮತ್ತು ರಾತ್ರಿಯ ಆಟ ಬಿಟ್ಟಾಗ ಹೊರಗೆ ಬಿಎಂಟಿಸಿ ಬಸ್ಸು. ಈ ಮೂರನ್ನು ಬರೆಯಲು ಸರ್ಕಾರಕ್ಕೆ ಹೊಸ ಕಾನೂನೂ ಬೇಡ, ಕೋರ್ಟಿನ ಅಪ್ಪಣೆಯೂ ಬೇಡ, ನೆಲ ಅದರ ಕೈಯಲ್ಲೇ ಇದೆ. ಇಷ್ಟನ್ನೂ ಮಾಡದೆ ಮುಂದಿನ ಟಾಕೀಸು ಮುಚ್ಚಿದಾಗ ಶೋಕಸಂದೇಶ ಹೊರಡಿಸುವ ಹಕ್ಕು ಅದಕ್ಕೂ ಇಲ್ಲ, ಕೇಳದೆ ಸುಮ್ಮನಿದ್ದ ನಮಗೂ ಇಲ್ಲ.